ಗಾಲ್ಫ್ ಕಲಿಯುವವರ ಅವಸರ

2021ರ ಆಗಸ್ಟ್ 7ರ ಬೆಳಿಗ್ಗೆ ತಾವು ದೂರದರ್ಶನದ ಮುಂದೆ ಕುಳಿತಿದ್ದರೆ ನೆನಪಿದ್ದೀತು. ಟೋಕಿಯೋ ಒಲಿಂಪಿಕ್ಸಿನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಅವರು ಒಂದೇ ಹೊಡೆತದ ಅಂತರದಿಂದ ಪದಕ ತಪ್ಪಿ ನಾಲ್ಕನೆಯವರಾದರು. ಗಾಲ್ಫಿನ ಗಂಧವಿಲ್ಲದ ಮನೆಗಳಲ್ಲೂ ಅಂದು ನಿಟ್ಟುಸಿರು ಕೇಳಿಬಂತು. ಅದನ್ನು ಕಂಡು, ನಮ್ಮ ಮಕ್ಕಳೂ ಏಕೆ ಆಡಬಾರದೆಂಬ ಆಸೆ ಮೂಡಿದ್ದರೆ ಅದು ಸಹಜವೇ.

ಬೆಂಗಳೂರಿನಲ್ಲಿ ಈ ಆಟ ಹಳೆಯದು. ಅಲ್ಲಿನ ಗಾಲ್ಫ್ ಕ್ಲಬ್ಬು ಸ್ಥಾಪನೆಯಾದದ್ದು 1876ರಲ್ಲಿ. ಚೇಳೂರು, ಗುಬ್ಬಿಯ ಕಡೆಯಿಂದ ಉದ್ಯೋಗಕ್ಕಾಗಿ ಅಲ್ಲಿಗೆ ಹೋದ ತರುಣರೂ ಒಮ್ಮೊಮ್ಮೆ ಅಭ್ಯಾಸದ ಮೈದಾನಕ್ಕೆ ಹೋಗುವುದುಂಟು. ಒಂದು ಬುಟ್ಟಿ ಚೆಂಡು ಹೊಡೆಯುತ್ತಾರೆ. ನಾಲ್ಕು ನೆಲಕ್ಕಂಟಿ ಉರುಳುತ್ತವೆ, ಎರಡು ಬೇಲಿಯ ಕಡೆ ಹೋಗುತ್ತವೆ. ಮೂರನೆಯ ಭಾನುವಾರಕ್ಕೆ, 'ಇದು ನಮ್ಮ ಕೈಲಾಗದು' ಎಂದು ಬಿಟ್ಟುಬಿಡುತ್ತಾರೆ. ಕೊಂಡ ದಾಂಡುಗಳು ಅಟ್ಟ ಸೇರುತ್ತವೆ. ತಪ್ಪು ಕೈಯದಲ್ಲ, ಅಳತೆಯದು.

ಅಳತೆ ಹೇಗೆಂದರೆ, ದಾಂಡಿನ ಮುಖ ಚೆಂಡನ್ನು ಮುಟ್ಟಿರುವುದು ಒಂದು ಸೆಕೆಂಡಿನ ಸುಮಾರು ಎರಡು ಸಾವಿರದಲ್ಲೊಂದು ಭಾಗ ಮಾತ್ರ. ಚೆಂಡು ಹೊರಡುವ ದಿಕ್ಕು ಒಂದು ಡಿಗ್ರಿ ವಾರೆಯಾದರೆ, 200 ಗಜದಾಚೆ ಅದು ಮೂರೂವರೆ ಗಜ ಪಕ್ಕಕ್ಕೆ ಬೀಳುತ್ತದೆ. ಐದು ಡಿಗ್ರಿಯಾದರೆ ಹದಿನೇಳು ಗಜ. ಹೊಸಬರಿಗೆ ಐದು ಡಿಗ್ರಿ ಏನು ಮಹಾ! ಅದರ ಮೇಲೆ, ಚೆಂಡನ್ನು ಮೇಲೆತ್ತಬೇಕೆಂದು ಸೌಟಿನಲ್ಲಿ ಸಾರು ಮೊಗೆಯುವಂತೆ ದಾಂಡನ್ನು ಎತ್ತಿಬಿಡುತ್ತಾರೆ. ಎತ್ತುವ ಕೆಲಸ ದಾಂಡಿನ ಓರೆಮುಖದ್ದು, ಆಡುವವನದಲ್ಲ.

ಚೆಂಡು ಕುಳಿಯ ಹತ್ತಿರ ಬಂದಮೇಲೂ ಇದೇ ಕಥೆ. ಕುಳಿಯ ಅಗಲ ನಾಲ್ಕೂಕಾಲು ಅಂಗುಲ. ಎಂಟು ಅಡಿಯಿಂದ ಅದಕ್ಕೆ ಗುರಿಯಿಟ್ಟು, ಅಮೆರಿಕದ ವೃತ್ತಿಪರ ಆಟಗಾರರೇ ಎರಡಕ್ಕೊಂದನ್ನು ತಪ್ಪಿಸುತ್ತಾರೆ. ನಾವು ತಪ್ಪಿಸಿದರೆ ಹಣೆ ಚಚ್ಚಿಕೊಳ್ಳುವುದೇಕೆ?

ಆಟದ ನಿಯಮಗಳೇ ಹೊಸಬರ ವಿಷಯದಲ್ಲಿ ನಮಗಿಂತ ಉದಾರವಾಗಿವೆ. ಹದಿನೆಂಟು ಕುಳಿಗಳಿಗೆ ನುರಿತವರ ಲೆಕ್ಕ ಸಾಮಾನ್ಯವಾಗಿ 72 ಹೊಡೆತ. ಆದರೆ 2020ರಿಂದ ಬಳಕೆಗೆ ಬಂದ ಜಾಗತಿಕ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಗಂಡಸರಿಗೂ ಹೆಂಗಸರಿಗೂ 54ರವರೆಗೆ ಅಂಕವುಂಟು. ಎಂದರೆ ಸುಮಾರಾಗಿ ಕುಳಿಗೆ ಮೂರರಂತೆ ಹೆಚ್ಚಿನ ಹೊಡೆತ. ಈ ಲೆಕ್ಕ ತಿಳಿದವನು ನಾಲ್ಕರ ಕುಳಿಯನ್ನು ಏಳರಲ್ಲಿ ಮುಗಿಸಿದರೆ ನಾಚಿಕೊಳ್ಳುವುದಿಲ್ಲ.

ಅದಿತಿಯವರು ದಾಂಡು ಹಿಡಿದದ್ದು ಐದಾರು ವರ್ಷದವರಿದ್ದಾಗ. 2016ರ ರಿಯೋ ಒಲಿಂಪಿಕ್ಸಿನಲ್ಲಿ ಅವರ ಸ್ಥಾನ ನಲವತ್ತೊಂದನೆಯದು. ಅದನ್ನು ಬಹಳ ಮಂದಿ ಮರೆತಿದ್ದೇವೆ. ಬೆಂಗಳೂರಿನಲ್ಲಿ ಪರರ ಚೀಲ ಹೊತ್ತು ಕ್ಯಾಡಿಯಾಗಿದ್ದ ಸಿ. ಮುನಿಯಪ್ಪನವರು 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಆಟ ಅವರಿಗೂ ಮೂರು ಭಾನುವಾರದಲ್ಲಿ ಬಂದದ್ದಲ್ಲ. ಚೇಳೂರಿನ 'ಸಿದ್ದು' ಹಲಸಿನ ಕೆಂಪು ತೊಳೆ ತಿಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಸಿಯ ಗಿಡವನ್ನೂ ವರುಷಗಟ್ಟಲೆ ಕಾಯುವ ನಾವು ಮಕ್ಕಳನ್ನು ಮಾತ್ರ ಕಾಯಲಾರೆವು.

ಆದ್ದರಿಂದ ಪೂರಾ ಹದಿನಾಲ್ಕು ದಾಂಡಿನ ಚೀಲವನ್ನು ಮೊದಲೇ ಕೊಳ್ಳಬೇಡಿ. ಎರಡು ಮೂರು ಸಾಕು, ಬಾಡಿಗೆಗೆ ಸಿಕ್ಕರೆ ಇನ್ನೂ ಲೇಸು. ಮೊದಲ ಕೆಲವು ತಿಂಗಳು ಕುಳಿಯ ಸಮೀಪದ ಸಣ್ಣ ಹೊಡೆತಗಳನ್ನೇ ಕಲಿಯಲಿ. ಹುಡುಗ ಮನೆಗೆ ಬಂದಾಗ 'ಎಷ್ಟು ದೂರ ಹೊಡೆದೆ?' ಎಂದು ಕೇಳದೆ, 'ಎಷ್ಟು ಚೆಂಡು ಸರಿಯಾಗಿ ತಗುಲಿತು?' ಎಂದು ಕೇಳಿ ನೋಡಿ.