ತುಂಗೆ ನನ್ನ ಕಂಪ್ಯೂಟರಿನೊಳಗೇ ಇದ್ದಳು!

ಕಳಸದಲ್ಲಿ ಮಳೆ ಹಿಡಿಯಿತೆಂದರೆ ಬಿಡುವ ಮಾತೇ ಇಲ್ಲ. ಕರೆಂಟು ಬಂದಾಗ ಬಂತು, ನೆಟ್‌ವರ್ಕ್ ಸಿಕ್ಕಿದಾಗ ಸಿಕ್ಕಿತು. ಅಂಥದ್ದೊಂದು ರಾತ್ರಿ, ನಮ್ಮ ತೋಟದ ಕಾಫಿಪುಡಿ ಪೊಟ್ಟಣಕ್ಕೊಂದು ಚೆಂದದ ಲೇಬಲ್ ಮಾಡೋಣವೆಂದು ಕೂತವಳು ಬೆಳಗಿನ ಜಾವದವರೆಗೂ ಏಳಲಿಲ್ಲ. ಒಂದು ವಿನ್ಯಾಸ ಸ್ಟುಡಿಯೊದ ಕೆಲಸ ನೋಡುವುದು, ಅಲ್ಲಿಂದ ಇನ್ನೊಂದಕ್ಕೆ ಜಿಗಿಯುವುದು. ಲಂಡನ್, ಟೋಕಿಯೊ, ಮುಂಬೈ! ಎಷ್ಟು ಬಣ್ಣ, ಎಷ್ಟು ಕೈಚಳಕ!

ಆ ರಾಶಿಯಲ್ಲಿ ಮೊದಲು ಗುರುತು ಸಿಕ್ಕಿದ್ದು ನಮ್ಮದೇ ಕೆಂಪು. ಚಿಕ್ಕಮಗಳೂರಿನ ವಿ.ಜಿ. ಸಿದ್ಧಾರ್ಥ 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಶುರುಮಾಡಿದ ಕೆಫೆ ಕಾಫಿ ಡೇ! 2009ರಲ್ಲಿ ಅದಕ್ಕೆ ಹೊಸ ಲಾಂಛನ ಬಂತಲ್ಲ, ಕಾಮಿಕ್ಸ್ ಪಾತ್ರಗಳ ಬಾಯಿಂದ ಹೊರಡುವ ಮಾತಿನ ಗುಳ್ಳೆಯಂಥದ್ದು, ಅದನ್ನು ರೂಪಿಸಿದ್ದು ಲ್ಯಾಂಡರ್ ಸಂಸ್ಥೆ. ಮ್ಯೂನಿಕ್‌ನಲ್ಲಿ ಹುಟ್ಟಿದ ವಾಲ್ಟರ್ ಲ್ಯಾಂಡರ್ ಆ ಸಂಸ್ಥೆಯನ್ನು 1941ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕಟ್ಟಿದರು. ಒಂದು ಕಾಲಕ್ಕೆ ಅವರ ಕಚೇರಿ ಎಲ್ಲಿತ್ತು ಗೊತ್ತೇ? ಕ್ಲಾಮತ್ ಎಂಬ ಹಳೆಯ ಹಡಗಿನಲ್ಲಿ!

ಆದರೆ ನಿಜವಾದ ಬೆರಗು ಇನ್ನೂ ಮುಂದಿತ್ತು. ಪೊಟ್ಟಣದ ಮೇಲೆ ಇಲ್ಲೇ ಹತ್ತಿರದ 'ಅಂಬಾತೀರ್ಥ'ದ ಹೆಸರು ಬರೆಯಬೇಕಿತ್ತು. ಯಾವ ಅಕ್ಷರ ಒಪ್ಪೀತೆಂದು ಫಾಂಟುಗಳ ಪಟ್ಟಿಯಲ್ಲಿ ಇಳಿಯುತ್ತಾ ಹೋದೆ. ತುಂಗಾ! ವರ್ಷಗಟ್ಟಲೆ ಅದರಲ್ಲೇ ಕುಟ್ಟಿದ್ದೇನೆ, ಹೆಸರು ಮಾತ್ರ ಆ ರಾತ್ರಿಯೇ ಕಣ್ಣಿಗೆ ಬಿದ್ದದ್ದು. ಗಂಗಾಮೂಲದಲ್ಲಿ ಹುಟ್ಟಿ ಶೃಂಗೇರಿಯ ಕಡೆ ಹರಿಯುವ ನಮ್ಮ ತುಂಗೆಯ ಹೆಸರು, ಜಗತ್ತಿನ ಅದೆಷ್ಟೋ ಕಂಪ್ಯೂಟರುಗಳಲ್ಲಿ! 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ ಬಂದ ಈ ಫಾಂಟಿನ ಹಿಂದಿದ್ದವರು ಆರ್.ಕೆ. ಜೋಶಿ. ಮರಾಠಿ ಕವಿ, ಅಕ್ಷರ ಕಲಾವಿದ, ಮುಂಬೈ ಐಐಟಿಯಲ್ಲಿ ವಿನ್ಯಾಸ ಕಲಿಸಿದ ಮೇಷ್ಟ್ರು. ದೇವನಾಗರಿಯ ಮಂಗಲ್ ಕೂಡ ಅವರದೇ. ಅದೇ ಸಾಲಿನ ತೆಲುಗು ಫಾಂಟಿನ ಹೆಸರು ಗೌತಮಿ, ಅಂದರೆ ಗೋದಾವರಿ!

'ತೀರ್ಥ' ಎಂಬ ಪದವನ್ನು ಪರದೆ ತುಂಬ ಹಿಗ್ಗಿಸಿ ನೋಡಿದೆ. ನೀವೂ ನೋಡಿ, ದಯವಿಟ್ಟು. ಬೆರಳು ಮೊದಲು ಒತ್ತುವುದು 'ರ್', ಆಮೇಲೆ 'ಥ'. ಪರದೆಯಲ್ಲಿ ಮಾತ್ರ ಥ ಮುಂದಕ್ಕೆ ಬಂದು, ಅರ್ಕಾವತ್ತು ಅದರ ಬೆನ್ನಿಗೆ ಹೋಗಿ ಕೂರುತ್ತದೆ. ತಂತ್ರಾಂಶವೂ ಫಾಂಟೂ ಸೇರಿ ಕಣ್ಣೆವೆ ಮುಚ್ಚುವುದರೊಳಗೆ ಈ ಅದಲುಬದಲು ಮುಗಿಸಿರುತ್ತವೆ. ತ ಅಕ್ಷರಕ್ಕೆ ಗುಡಿಸು ಬಂದರೆ ತಲಕಟ್ಟು ಜಾಗ ಬಿಡಬೇಕು. ಥದ ಹೊಟ್ಟೆಯೊಳಗಿನ ಚುಕ್ಕೆ ಸಣ್ಣ ಅಳತೆಯಲ್ಲೂ ಉಳಿಯಬೇಕು, ಇಲ್ಲವಾದರೆ ಅದು ಧ ಆಗಿಬಿಡುತ್ತದೆ. ಇಷ್ಟನ್ನೆಲ್ಲ ಯಾರೋ ಕೂತು, ಗೆರೆ ಗೆರೆಯಾಗಿ ಯೋಚಿಸಿದ್ದಾರೆ! ಅಂಬಾತೀರ್ಥದಲ್ಲಿ, ಭದ್ರೆಯ ದಡದ ಆ ಬಂಡೆಯಲ್ಲಿ ಮಧ್ವಾಚಾರ್ಯರ ಹೆಸರು ಕೊರೆದವನೂ ಹೀಗೇ ಉಸಿರು ಬಿಗಿಹಿಡಿದಿದ್ದನೇನೋ.

ಆಮೇಲೆ ನಿದ್ದೆ ಎಲ್ಲಿಂದ ಬರಬೇಕು? ಉಳಿದ ಕನ್ನಡ ಫಾಂಟುಗಳ ಬೆನ್ನು ಹತ್ತಿದೆ. ರಾಘವಾಂಕನ ಹರಿಶ್ಚಂದ್ರ ಕಾವ್ಯ 2017ರಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಬಂತಲ್ಲ, ಮೂರ್ತಿ ಕ್ಲಾಸಿಕಲ್ ಲೈಬ್ರರಿ ಎಂಬ ಪುಸ್ತಕಮಾಲೆಯಲ್ಲಿ? ಆ ಮಾಲೆಗೆಂದೇ ಕನ್ನಡ ಅಕ್ಷರ ಕಡೆದುಕೊಟ್ಟದ್ದು ಕೆನಡಾದ ಟೈರೊ ಟೈಪ್‌ವರ್ಕ್ಸ್. ಈಗ ಅದು ಟೈರೊ ಕನ್ನಡ ಎಂಬ ಹೆಸರಿನಲ್ಲಿ ಯಾರಿಗೆ ಬೇಕಾದರೂ ಪುಕ್ಕಟೆ! ಅಕ್ಷರ ವಿನ್ಯಾಸಕಿ ವೈಷ್ಣವಿ ಮೂರ್ತಿ ಸ್ಪೇನಿನ ಹ್ವಾನ್ ಲೂಯಿಸ್ ಬ್ಲಾಂಕೊ ಜೊತೆ ಸೇರಿ 'ಅಕಾಯ' ಫಾಂಟು ಮಾಡಿದ್ದಾರೆ. ಮುಂಬೈನ ಏಕ್ ಟೈಪ್ ತಂಡದ ದುಂಡುಮುಖದ ಕನ್ನಡ ಫಾಂಟಿಗೆ 'ಬಾಲೂ ತಮ್ಮ' ಎಂದು ಹೆಸರು. ಅಮೆರಿಕದ ಎರಿನ್ ಮೆಕ್‌ಲಾಫ್ಲಿನ್ ಮಾಡಿದ್ದಕ್ಕೋ, 'ಹುಬ್ಬಳ್ಳಿ'!

ಪೂರ್ಣಚಂದ್ರ ತೇಜಸ್ವಿ ನೆನಪಾದರು. ಇಲ್ಲೇ ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳ ಬೆನ್ನುಹತ್ತಿ ಫೋಟೊ ತೆಗೆಯುತ್ತಲೇ, ಕನ್ನಡಕ್ಕೆ ಒಳ್ಳೆಯ ತಂತ್ರಾಂಶ ಬೇಕೇಬೇಕೆಂದು ಹಟ ಹಿಡಿದವರು. 2007ರಲ್ಲಿ ಹೊರಟುಹೋದರು. ಈ ಫಾಂಟುಗಳನ್ನೆಲ್ಲ ಅವರ ಮುಂದೆ ಒಂದೊಂದಾಗಿ ತೆರೆದು ತೋರಿಸಬೇಕಿತ್ತು.

ಹೊತ್ತು ಮೂಡುವ ಹೊತ್ತಿಗೆ ಮಳೆ ಸ್ವಲ್ಪ ಹಿಂದಾಯಿತು. ಕೆಳಗೆ ಭದ್ರಾ ಹೊಳೆಯ ಸದ್ದು ಜೋರಾಗಿ ಕೇಳತೊಡಗಿತು. ತುಂಗೆಯೂ ಭದ್ರೆಯೂ ಗಂಗಾಮೂಲದಲ್ಲೇ ಹುಟ್ಟಿ, ಬೇರೆಬೇರೆ ದಾರಿ ಹಿಡಿದು, ಮತ್ತೆ ಸೇರುವುದು ದೂರದ ಕೂಡ್ಲಿಯಲ್ಲಿ. ನಾನು ತುಂಗಾ ಫಾಂಟನ್ನೇ ಆರಿಸಿಕೊಂಡು, ಲೇಬಲ್ಲಿನ ಮೇಲೆ ಅಂಬಾತೀರ್ಥದ ಬದಲು ಒಂದೇ ಪದ ಕುಟ್ಟಿದೆ: ಭದ್ರಾ.