ಹುಡುಕಾಟಕ್ಕೆ ಕೂಲಿ, ಕ್ಲಿಕ್ಕಿಗೆ ಕಾಸು: ನಷ್ಟ ಯಾರಿಗೆ?

ಶೋಧಯಂತ್ರಗಳನ್ನು ಬಳಸುವವರಿಗೆ ಹಣ ಕೊಟ್ಟರೆ ಅಂತರ್ಜಾಲದಲ್ಲಿ ಜಾಹೀರಾತು ನೀಡುವವರಿಗೆ ನಷ್ಟವಾಗುವುದೇ? ಪ್ರಶ್ನೆ ದೂರದ್ದೆಂದು ತೋರಬಹುದು. ಆದರೆ ಘಾಟ್ಕೋಪರ್ ಪರಿಸರದಲ್ಲಿ ಹೊಟೇಲು, ಕೇಟರಿಂಗ್, ಟ್ಯೂಷನ್ ತರಗತಿ, ಟ್ರಾವೆಲ್ಸ್ ನಡೆಸುವ ನಮ್ಮವರು ಇಂದು ಗೂಗಲ್‌ನಲ್ಲಿ ಜಾಹೀರಾತು ನೀಡುತ್ತಿದ್ದಾರೆ. ಅದೇ ಕಟ್ಟಡಗಳಲ್ಲಿ ವಾಸಿಸುವ ಗೃಹಿಣಿಯರ, ನಿವೃತ್ತರ ಮೊಬೈಲ್‌ಗಳಿಗೆ ‘ಮನೆಯಲ್ಲೇ ಕುಳಿತು ಸಂಪಾದಿಸಿ’ ಎಂಬ ಸಂದೇಶಗಳು ಬರುತ್ತಿವೆ. ಈ ಎರಡರ ನಡುವೆ ನಂಟಿದೆ.

ನಮ್ಮ ಸಂಘಗಳ ವಾರ್ಷಿಕೋತ್ಸವದ ಸ್ಮರಣ ಸಂಚಿಕೆಗೆ ಹೊಟೇಲು ಉದ್ಯಮಿಯೊಬ್ಬರು ಪೂರ್ಣ ಪುಟದ ಜಾಹೀರಾತು ಕೊಟ್ಟರೆ, ಅದನ್ನು ಎಷ್ಟು ಮಂದಿ ಓದಿದರೆಂದು ಅವರು ಕೇಳುವುದಿಲ್ಲ. ಅದು ಅಭಿಮಾನದ ಹಣ. (ಆ ಪುಟಗಳನ್ನು ಜಾಹೀರಾತು ಕೊಟ್ಟವರ ಮನೆಯವರಲ್ಲದೆ ಬೇರಾರೂ ತಿರುವಿ ಹಾಕುವುದಿಲ್ಲ ಎಂಬ ಹಾಸ್ಯ ನಮ್ಮಲ್ಲಿ ಹಳೆಯದು!) ಶೋಧಯಂತ್ರದ ವ್ಯವಹಾರ ಹಾಗಲ್ಲ. ಅಲ್ಲಿ ಜಾಹೀರಾತು ಕಣ್ಣಿಗೆ ಬಿದ್ದರೆ ಸಾಮಾನ್ಯವಾಗಿ ಹಣ ಕೊಡಬೇಕಾಗಿಲ್ಲ. ಯಾರಾದರೂ ಅದನ್ನು ಒತ್ತಿದರೆ ಮಾತ್ರ ಕೊಡಬೇಕು. ಪದಗಳನ್ನು ಹರಾಜಿಗಿಟ್ಟು, ಒತ್ತಿದ್ದಕ್ಕೆ ದರ ಪಡೆಯುವ ಈ ಪದ್ಧತಿಯನ್ನು 1998ರಲ್ಲಿ ಅಮೆರಿಕದ ಗೋಟು ಡಾಟ್ ಕಾಮ್ ಸಂಸ್ಥೆ ಬಳಕೆಗೆ ತಂದಿತು. ಗೂಗಲ್ 2002ರಲ್ಲಿ ಅದನ್ನು ತನ್ನದಾಗಿಸಿಕೊಂಡಿತು. ಮರುವರ್ಷವೇ ಆ್ಯಡ್‌ಸೆನ್ಸ್ ಎಂಬ ಯೋಜನೆಯ ಮೂಲಕ, ಇತರರ ಜಾಲತಾಣಗಳಲ್ಲೂ ಜಾಹೀರಾತು ಹಾಕಿ ಬಂದ ಹಣದಲ್ಲಿ ಅವರಿಗೂ ಪಾಲು ಕೊಡತೊಡಗಿತು. ಕೇಡಿಗೆ ದಾರಿಯಾದದ್ದು ಈ ಪಾಲು. ತನ್ನ ತಾಣದ ಜಾಹೀರಾತನ್ನು ಹೆಚ್ಚು ಜನ ಒತ್ತಿದಷ್ಟೂ ತಾಣದ ಒಡೆಯನಿಗೆ ಲಾಭ. ಹಾಗಿದ್ದ ಮೇಲೆ ನಾಲ್ಕು ಜನರಿಗೆ ಕೂಲಿ ಕೊಟ್ಟು ಒತ್ತಿಸಿದರಾಯಿತಲ್ಲ!

ನಡೆದದ್ದೂ ಅದೇ. 2004ರ ಮೇ ತಿಂಗಳಲ್ಲಿ ‘ಟೈಮ್ಸ್ ಆಫ್ ಇಂಡಿಯಾ’ ಪತ್ರಿಕೆಯ ವರದಿಯೊಂದು ಜಗತ್ತಿನ ಗಮನ ಸೆಳೆಯಿತು. ಭಾರತದ ಮಹಾನಗರಗಳಲ್ಲಿ ಗೃಹಿಣಿಯರು, ಪದವೀಧರರು, ಉದ್ಯೋಗಸ್ಥರು ಕೂಡ ಅಂತರ್ಜಾಲದ ಜಾಹೀರಾತುಗಳನ್ನು ಒತ್ತುತ್ತ ಕುಳಿತು ತಿಂಗಳಿಗೆ 100ರಿಂದ 200 ಡಾಲರ್ ಗಳಿಸುತ್ತಿದ್ದಾರೆ ಎಂಬುದು ಅದರ ಸಾರ. ಅಂದಿನ ಲೆಕ್ಕದಲ್ಲಿ ಅದು ಸುಮಾರು 9,000 ರೂಪಾಯಿಯವರೆಗಿನ ಮೊತ್ತ. ಒತ್ತುವವರಿಗೆ ತಾವು ಯಾರ ಜೇಬಿಗೆ ಕೈ ಹಾಕುತ್ತಿದ್ದೇವೆಂಬ ಅರಿವು ಇರಲಿಲ್ಲವೆಂದೇ ನಮ್ಮ ಭಾವನೆ. ಪರದೆಯ ಆಚೆಗಿನ ಅಂಗಡಿಯವನು ಕಾಣುವುದಿಲ್ಲವಲ್ಲ.

ಆ ಅಂಗಡಿಯವನ ಲೆಕ್ಕವನ್ನು ಊಹಿಸಿ ನೋಡೋಣ. ಘಾಟ್ಕೋಪರ್ ನಿಲ್ದಾಣದ ಬಳಿ ಮದುವೆ, ಮುಂಜಿಗಳಿಗೆ ಅಡುಗೆ ಮಾಡಿಸಿಕೊಡುವ ಒಬ್ಬರು ದಿನಕ್ಕೆ 1,000 ರೂಪಾಯಿ ಜಾಹೀರಾತಿಗೆ ಮೀಸಲಿಟ್ಟಿದ್ದಾರೆ. ಒಂದು ಕ್ಲಿಕ್ಕಿಗೆ 20 ರೂಪಾಯಿಯಂತೆ 50 ಕ್ಲಿಕ್. ಹತ್ತರಲ್ಲೊಬ್ಬರು ವಿಚಾರಿಸಲು ಫೋನ್ ಮಾಡಿದರೆ ಐದು ಗಿರಾಕಿಗಳು. ತಲಾ ಖರ್ಚು 200 ರೂಪಾಯಿ. ಈ ಐವತ್ತರಲ್ಲಿ ಇಪ್ಪತ್ತು ಕೂಲಿಯವರ ಕ್ಲಿಕ್ಕುಗಳಾದರೆ ಉಳಿಯುವುದು ಮೂವರೇ ಗಿರಾಕಿಗಳು. ತಲಾ ಖರ್ಚು 333 ರೂಪಾಯಿ. ಸಾಲದ್ದಕ್ಕೆ ಮಧ್ಯಾಹ್ನದೊಳಗೆ ಹಣ ಮುಗಿದು, ಜನ ನಿಜವಾಗಿ ಹುಡುಕುವ ಸಂಜೆಯ ಹೊತ್ತಿಗೆ ಅವರ ಜಾಹೀರಾತು ಮಾಯವಾಗಿರುತ್ತದೆ.

ದೊಡ್ಡ ಕಂಪನಿಯೊಂದು ಇದನ್ನು ಕೆಲವೇ ದಿನಗಳಲ್ಲಿ ಕಂಡುಹಿಡಿಯುತ್ತದೆ. ಕ್ಲಿಕ್ಕಿಗೆ 20ರ ಬದಲು 12 ರೂಪಾಯಿ ಮಾತ್ರ ಕೂಗುತ್ತದೆ. ತಲಾ ಖರ್ಚು ಮತ್ತೆ 200ಕ್ಕೆ ಇಳಿಯುತ್ತದೆ. ಹರಾಜೇ ನಷ್ಟವನ್ನು ಸರಿದೂಗಿಸುತ್ತದೆ ಎಂದು ವಾದಿಸುವವರು ನೆಚ್ಚುವುದು ಈ ಲೆಕ್ಕವನ್ನೇ. ಅದು ಸುಳ್ಳಲ್ಲ. ಆದರೆ ಹಾಗೆ ದರ ಇಳಿದಾಗ ಪ್ರಾಮಾಣಿಕವಾಗಿ ನಡೆಯುವ ಜಾಲತಾಣದ ಆದಾಯವೂ ಇಳಿಯುತ್ತದೆ. ಇನ್ನು ಬೆಳಿಗ್ಗೆ ತರಕಾರಿ ಮಾರುಕಟ್ಟೆಗೆ ಹೋಗಿ ರಾತ್ರಿ ಪಾತ್ರೆ ಎಣಿಸುವ ನಮ್ಮ ಅಡುಗೆಯವರಿಗೆ ಕ್ಲಿಕ್ಕುಗಳ ಲೆಕ್ಕ ಇಡಲು ಪುರಸೊತ್ತೆಲ್ಲಿ? ‘ಗೂಗಲ್ ಜಾಹೀರಾತು ಪ್ರಯೋಜನವಿಲ್ಲ’ ಎಂದು ಅವರು ಕೈಬಿಡುತ್ತಾರೆ, ಅಷ್ಟೆ.

ಹುಡುಕಾಟಕ್ಕೆ ಕೊಡುವ ಹಣವೆಲ್ಲ ಇದೇ ಬಗೆಯದೆನ್ನಲಾಗದು. ಮೈಕ್ರೋಸಾಫ್ಟ್ 2008ರಿಂದ 2010ರವರೆಗೆ ನಡೆಸಿದ ಕ್ಯಾಶ್‌ಬ್ಯಾಕ್ ಯೋಜನೆಯಲ್ಲಿ, ಹುಡುಕಿದ ವಸ್ತುವನ್ನು ಕೊಂಡವರಿಗೆ ಮಾತ್ರ ಹಣ ಮರಳುತ್ತಿತ್ತು. ವ್ಯಾಪಾರ ಕುದುರಿದ ಮೇಲೆ ಕೊಟ್ಟ ಹಣವಾದ್ದರಿಂದ ಖಾಲಿ ಕ್ಲಿಕ್ಕಿನ ಭಯವಿರಲಿಲ್ಲ. 2010ರಲ್ಲಿ ಆರಂಭವಾಗಿ ಈಗ ಮೈಕ್ರೋಸಾಫ್ಟ್ ರಿವಾರ್ಡ್ಸ್ ಎಂಬ ಹೆಸರಿನಲ್ಲಿರುವ ಯೋಜನೆಯಲ್ಲಿ, ಬಿಂಗ್‌ನಲ್ಲಿ ಹುಡುಕಿದ್ದಕ್ಕೆ ಅಂಕಗಳು ದೊರೆಯುತ್ತವೆ; ದಿನಕ್ಕೆ ಮಿತಿಯಿದೆ. ಅಂಕ ಹುಡುಕಾಟಕ್ಕೇ ಹೊರತು ಜಾಹೀರಾತು ಒತ್ತಿದ್ದಕ್ಕಲ್ಲ. ಅಂಕದ ಆಸೆಗೆ ಅರ್ಥವಿಲ್ಲದ ಪದಗಳನ್ನು ಕುಟ್ಟುವವರು ಇರಬಹುದು, ಆದರೆ ಜಾಹೀರಾತನ್ನು ಒತ್ತಲು ಅವರಿಗೆ ಕಾರಣವಿಲ್ಲ. ಇದಕ್ಕೆ ಹೋಲಿಸಿದರೆ ಗೂಗಲ್ ತನ್ನ ಪಾಲುದಾರ ತಾಣಗಳ ವಿಷಯದಲ್ಲಿ ಕಟ್ಟುನಿಟ್ಟು: ಜಾಹೀರಾತು ನೋಡುವುದಕ್ಕಾಗಲಿ ಹುಡುಕುವುದಕ್ಕಾಗಲಿ ಬಳಕೆದಾರರಿಗೆ ಪ್ರತಿಫಲದ ಆಮಿಷ ಒಡ್ಡಬಾರದೆಂಬುದು ಅದರ ನಿಯಮ.

ನಿಯಮವಿದ್ದರೂ ಪ್ರತಿ ಕ್ಲಿಕ್ಕಿನಿಂದ ಶೋಧಯಂತ್ರಕ್ಕೂ ಲಾಭ. ಬೇಲಿಯೇ ಹೊಲ ಮೇಯ್ದರೆ ಎಂಬ ಸಂಶಯ ಜಾಹೀರಾತುದಾರರಿಗೆ ಬಂದದ್ದು ಸಹಜ. ಅಮೆರಿಕದ ಆರ್ಕನ್ಸಾ ರಾಜ್ಯದಲ್ಲಿ ಲೇನ್ಸ್ ಗಿಫ್ಟ್ಸ್ ಎಂಬ ಉಡುಗೊರೆ ಅಂಗಡಿ ಮತ್ತಿತರರು ಹೂಡಿದ ದಾವೆ 2006ರಲ್ಲಿ ರಾಜಿಯಾಯಿತು. ಗೂಗಲ್ 9 ಕೋಟಿ ಡಾಲರ್‌ವರೆಗಿನ ಮೊತ್ತಕ್ಕೆ ಒಪ್ಪಿಕೊಂಡಿತು. ದೊಡ್ಡ ಕಂಪನಿಯನ್ನು ಬಗ್ಗಿಸಿದ ದಾವೆಗೆ ಒಂದು ಉಡುಗೊರೆ ಅಂಗಡಿಯ ಹೆಸರಿರುವುದು ನಮಗೆ ಮೆಚ್ಚುಗೆಯಾಗುವ ಸಂಗತಿ. ಇಂದು ಗೂಗಲ್ ಜಾಹೀರಾತು ಖಾತೆಯಲ್ಲಿ ಅಮಾನ್ಯ ಕ್ಲಿಕ್ಕುಗಳ ಅಂಕಣವನ್ನು ತೆರೆದು ನೋಡಬಹುದು. ಅವುಗಳಿಗೆ ಹಣ ಹಿಡಿಯುವುದಿಲ್ಲ. ಜಾಹೀರಾತು ಮುಂಬಯಿಗಷ್ಟೇ ಕಾಣಿಸಲಿ, ಪಾಲುದಾರ ತಾಣಗಳಿಗೆ ಬೇಡ ಎಂದು ಗೊತ್ತುಮಾಡಲೂಬಹುದು. ಮನೆಯ ಕಾಲೇಜು ಹುಡುಗರು ಹತ್ತು ನಿಮಿಷದಲ್ಲಿ ಮಾಡಿಕೊಡುವ ಕೆಲಸವಿದು.

ಇನ್ನು ಒತ್ತುವವರ ಕಡೆಯ ಕಥೆ. 2004ರಲ್ಲಿ ಕೂಲಿಯಾದರೂ ಸಿಗುತ್ತಿತ್ತು. ಆಮೇಲೆ ಅದು ಗಾಳದ ಎರೆಯಾಯಿತು. ನೋಯ್ಡಾದ ‘ಸೋಷಿಯಲ್ ಟ್ರೇಡ್’ ಯೋಜನೆ ಕ್ಲಿಕ್ಕಿಗೆ 5 ರೂಪಾಯಿ ಕೊಡುವ ಭರವಸೆ ನೀಡಿ, ಸೇರಲು 5,750ರಿಂದ 57,500 ರೂಪಾಯಿ ಕಟ್ಟಿಸಿಕೊಂಡಿತು. 2017ರ ಫೆಬ್ರವರಿಯಲ್ಲಿ ಉತ್ತರ ಪ್ರದೇಶದ ಪೊಲೀಸರು ಅದರ ರೂವಾರಿಗಳನ್ನು ಬಂಧಿಸಿದಾಗ ಹೊರಬಂದ ಮೊತ್ತ ಸುಮಾರು 3,700 ಕೋಟಿ ರೂಪಾಯಿ. ಪೊಲೀಸರ ಪ್ರಕಾರ, ಹೊಸಬರು ಕಟ್ಟಿದ ಹಣವೇ ಹಳಬರಿಗೆ ಕೂಲಿಯಾಗಿತ್ತು. ನಷ್ಟಪಡಲು ಅಲ್ಲಿ ಜಾಹೀರಾತುದಾರನೇ ಇರಲಿಲ್ಲ, ಒತ್ತಿದವರೇ ನಷ್ಟಪಟ್ಟರು.

2023ರ ಡಿಸೆಂಬರ್‌ನಲ್ಲಿ ಕೇಂದ್ರ ಗೃಹ ಸಚಿವಾಲಯದ ಶಿಫಾರಸಿನ ಮೇರೆಗೆ ಇಂಥ ಅರೆಕಾಲಿಕ ಕೆಲಸದ ವಂಚನೆಯ ನೂರಕ್ಕೂ ಹೆಚ್ಚು ಜಾಲತಾಣಗಳನ್ನು ತಡೆಹಿಡಿಯಲಾಯಿತು. ನಿವೃತ್ತರು, ಮಹಿಳೆಯರು, ನಿರುದ್ಯೋಗಿ ಯುವಕರು ಇದರ ಗುರಿಯೆಂದು ಸಚಿವಾಲಯವೇ ಹೇಳಿತು. ವಿಡಿಯೋ ಮೆಚ್ಚುವುದು, ನಕ್ಷೆಯಲ್ಲಿ ಅಂಗಡಿಗೆ ಅಂಕ ಕೊಡುವುದು ಕೆಲಸ. ಮೊದಲು ಕೆಲವು ನೂರು ರೂಪಾಯಿ ಬರುತ್ತದೆ; ಬಳಿಕ ಹೆಚ್ಚಿನ ಕಮಿಷನ್ನಿಗೆ ಹಣ ಹೂಡಲು ಹೇಳುತ್ತಾರೆ; ದೊಡ್ಡ ಮೊತ್ತ ಹೋದ ಮೇಲೆ ಬಾಗಿಲು ಮುಚ್ಚುತ್ತದೆ. ಕೆಲಸ ಕೊಡುವವರು ಹಣ ಕೇಳಿದೊಡನೆ ನಿಲ್ಲಿಸಬೇಕು. ಹಣ ಹೋಗಿದ್ದರೆ ಸಂಕೋಚಪಡದೆ, ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಆ ವಂಚಕರು ‘ಘರ್ ಬೈಠೇ ಜಾಬ್’ ಎಂಬಂಥ ಪದಗಳನ್ನು ಹಿಡಿದು, ಗೂಗಲ್ ಮತ್ತು ಮೆಟಾದಲ್ಲಿ ಜಾಹೀರಾತು ನೀಡಿಯೇ ಜನರನ್ನು ಸೆಳೆಯುತ್ತಿದ್ದರೆಂದು ಅದೇ ಪ್ರಕಟಣೆ ತಿಳಿಸಿತ್ತು.