ಹಳೇ ಯೆಜ್ಡಿಯ ವೈರಿಂಗ್: ನಂಬಿದ್ದು ಮತ್ತು ನಿಜ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿಂದ ಹೊರಬಂದ ಜಾವಾ, ಯೆಜ್ಡಿ ಬೈಕುಗಳನ್ನು ಮತ್ತೆ ರಸ್ತೆಗಿಳಿಸಲು ದುಡಿಯುವವರಿಗೆ ಇವತ್ತಿಗೂ ಕೊರತೆಯಿಲ್ಲ. ಎಂಜಿನ್ನಿಗೆ, ಬಣ್ಣಕ್ಕೆ ತಿಂಗಳುಗಟ್ಟಲೆ ತಾಳ್ಮೆ ತೋರುವವರೂ ವೈರಿಂಗ್ ಹೊತ್ತಿಗೆ ಅವರಿವರು ಹೇಳಿದ್ದನ್ನೇ ನಂಬಿ ಕೈಹಾಕುತ್ತಾರೆ.

ನಂಬಿಕೆ: 6 ವೋಲ್ಟ್ ಗಾಡಿಯ ದೀಪ ಮಿಣುಕುವುದೇ ಸಹಜ.

ಸಹಜವಲ್ಲ. 35 ವಾಟ್ ಬಲ್ಬು 6 ವೋಲ್ಟಿನಲ್ಲಿ ಸುಮಾರು 6 ಆಂಪಿಯರ್ ಎಳೆಯುತ್ತದೆ. 12 ವೋಲ್ಟಿನಲ್ಲಾದರೆ ಅದರ ಅರ್ಧ. ತುಕ್ಕು ಹಿಡಿದ ಒಂದು ಜೋಡಣೆಯಲ್ಲಿ 0.1 ಓಮ್ ತಡೆ ಇದ್ದರೂ 0.6 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ, ಅಂದರೆ ಹತ್ತರಲ್ಲೊಂದು ಪಾಲು. ವೋಲ್ಟೇಜ್ ಅಷ್ಟು ಇಳಿದರೆ ಬೆಳಕು ಮೂರರಲ್ಲೊಂದು ಪಾಲಿನಷ್ಟು ಇಳಿಯುತ್ತದೆ. 12 ವೋಲ್ಟ್ ಗಾಡಿ ಸಹಿಸಿಕೊಳ್ಳುವ ಕೊಳೆಯನ್ನು ಈ ಗಾಡಿ ಸಹಿಸುವುದಿಲ್ಲ, ಅಷ್ಟೇ.

ರೆಸ್ಟೋರೇಷನ್ ಆದ ಗಾಡಿಯಲ್ಲಿ ಈ ತೊಂದರೆಗೆ ಹೊಸ ಬಣ್ಣವೇ ಕಾರಣವಾಗುವುದುಂಟು. ಕರೆಂಟು ಬ್ಯಾಟರಿಗೆ ಮರಳುವ ದಾರಿ ಚಾಸಿಯೇ. ಅದರ ಮೇಲೆ ಪೌಡರ್ ಕೋಟಿಂಗ್ ಕೂತರೆ ಅರ್ಥ್ ಕಡಿದಂತೆಯೇ. ನನ್ನ ಗಾಡಿಯಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ಹಿಂದಿನ ದೀಪ ಪ್ರಖರವಾಗುವ ಬದಲು ಮಂಕಾಗುತ್ತಿತ್ತು. ಅರ್ಥ್ ವೈರಿನ ಬೋಲ್ಟ್ ಬಿಚ್ಚಿ, ಅದರಡಿಯ ಬಣ್ಣವನ್ನು ಎಮರಿ ಕಾಗದದಿಂದ ನಾಣ್ಯದಗಲ ಉಜ್ಜಿ, ಬಿಳಿ ಲೋಹ ಕಂಡ ಮೇಲೆ ವೈರಿನ ತುದಿಯ ಲಗ್ ಕೂರಿಸಿ ಬಿಗಿದು, ತುಕ್ಕು ಹಿಡಿಯದಂತೆ ಮೇಲೆ ವ್ಯಾಸಲೀನ್ ಸವರಿದೆ. ಬಲ್ಬು ಬದಲಿಸಲೇ ಇಲ್ಲ, ದೀಪ ಕಣ್ಣುಬಿಟ್ಟಿತು.

ನಂಬಿಕೆ: ಮಲ್ಟಿಮೀಟರ್ ಬೀಪ್ ಅಂದರೆ ವೈರ್ ಚೆನ್ನಾಗಿದೆ.

ಒಳಗಿನ ಎಳೆಗಳೆಲ್ಲ ತುಂಡಾಗಿ ಒಂದೇ ಉಳಿದಿದ್ದರೂ ಮೀಟರ್ ಬೀಪ್ ಅನ್ನುತ್ತದೆ. ಹೆಡ್‌ಲೈಟ್ ಉರಿಯುತ್ತಿರುವಾಗಲೇ ಬ್ಯಾಟರಿಯ ಪ್ಲಸ್‌ನಿಂದ ಬಲ್ಬಿನ ಪ್ಲಸ್‌ವರೆಗೆ ಎಷ್ಟು ವೋಲ್ಟ್ ಇದೆ ನೋಡಿ. ಆಮೇಲೆ ಮೈನಸ್ ಕಡೆಯೂ ಹಾಗೇ. ಸೊನ್ನೆಯ ಆಸುಪಾಸು ಇರಬೇಕು. ಅರ್ಧ ವೋಲ್ಟ್ ತೋರಿಸಿದರೆ ದೋಷ ಆ ದಾರಿಯಲ್ಲೇ ಇದೆ.

ನಂಬಿಕೆ: ಫ್ಯೂಸ್ ಪದೇ ಪದೇ ಹೋದರೆ ದಪ್ಪದ್ದು ಹಾಕು.

ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿದ ಫ್ಯೂಸುಗಳನ್ನೂ ಕಂಡಿದ್ದೇನೆ. ಫ್ಯೂಸ್ ಇರುವುದು ವೈರನ್ನು ಉಳಿಸಲು. ಅದು ಕರಗದಿದ್ದರೆ ವೈರೇ ಕೆಂಪಗಾಗುತ್ತದೆ, ಅದೂ ಪೆಟ್ರೋಲ್ ಟ್ಯಾಂಕಿನ ಅಡಿಯಲ್ಲಿ. ದಯವಿಟ್ಟು ಈ ಕೆಲಸ ಮಾಡಬೇಡಿ. ಹ್ಯಾಂಡಲ್ ತಿರುಗುವಲ್ಲಿ, ಸೀಟಿನ ಕೆಳಗೆ ವೈರ್ ಉಜ್ಜಿ ಸುಲಿದಿದೆಯೇ ಎಂದು ಮೊದಲು ಹುಡುಕಿ.

ನಂಬಿಕೆ: ಬೆಸುಗೆ ಹಾಕಿದರೆ ಗಟ್ಟಿ.

ಮನೆಯ ರೇಡಿಯೋದಲ್ಲಿ ಹೌದು. ಅದುರುವ ಗಾಡಿಯಲ್ಲಿ ಸೀಸ ಹೀರಿ ಗಡುಸಾದ ವೈರ್, ಬೆಸುಗೆ ಮುಗಿಯುವ ಅಂಚಿನಲ್ಲೇ ಮುರಿಯುತ್ತದೆ. ಸರಿಯಾದ ಇಕ್ಕಳದಿಂದ ಕ್ರಿಂಪ್ ಮಾಡಿದ ಲಗ್ ಮೇಲು.

ನಂಬಿಕೆ: ಹೊಸ ವೈರಿಂಗ್ ಸೆಟ್ ಹಾಕಿದರೆ ಎಲ್ಲ ಸರಿಹೋಗುತ್ತದೆ.

ಹೊಸ ಸೆಟ್ಟಿಗೂ ಅದೇ ಬಣ್ಣ ಮುಚ್ಚಿದ ಅರ್ಥ್, ಅದೇ ಹಸಿರುಗಟ್ಟಿದ ಸ್ವಿಚ್ ಕಾದಿರುತ್ತವೆ. ಹೊದಿಕೆ ಬಿರುಕುಬಿಟ್ಟಿದ್ದರೆ ಬದಲಿಸಲೇಬೇಕು. ಇಲ್ಲವಾದರೆ ಎಷ್ಟೋ ಸಲ ತುದಿಗಳನ್ನಷ್ಟೇ ಕತ್ತರಿಸಿ ಹೊಸ ಲಗ್ ಹಾಕಿದರೆ ಸಾಕು. ಬದಲಿಸುವುದೇ ಆದರೆ ವೈರಿನ ಬಣ್ಣವನ್ನು ನೆಚ್ಚಬೇಡಿ, ಹಿಂದಿನ ಮೆಕ್ಯಾನಿಕ್ ಕೈಗೆ ಸಿಕ್ಕಿದ್ದನ್ನು ಜೋಡಿಸಿರಬಹುದು. ಪ್ರತಿ ತುದಿಗೂ ಚೀಟಿ ಅಂಟಿಸಿ, ಫೋಟೋ ತೆಗೆದು, ಆಮೇಲೆ ಬಿಚ್ಚಿ.

ಎಲ್ಲ ಜೋಡಿಸಿದ ಮೇಲೆ ಮೊದಲ ಸಲ ಫ್ಯೂಸಿನ ಜಾಗದಲ್ಲಿ 6 ವೋಲ್ಟಿನ ಹೆಡ್‌ಲೈಟ್ ಬಲ್ಬನ್ನು ಸೇರಿಸಿ. ಸ್ವಿಚ್ಚೆಲ್ಲ ಆಫ್ ಇದ್ದೂ ಅದು ಝಗ್ಗನೆ ಹೊತ್ತಿಕೊಂಡರೆ ಎಲ್ಲೋ ಶಾರ್ಟ್ ಇದೆ; ಬ್ಯಾಟರಿ ಕಳಚಿ ಹುಡುಕಿ. ಹೊತ್ತದಿದ್ದರೆ ಬಲ್ಬು ತೆಗೆದು ಫ್ಯೂಸ್ ಕೂರಿಸಿ.